ಹುಳು ಎಲ್ಲಿ ಕೂತಿದೆ? ಕುರಿ ಸೊರಗಿದಾಗ ಲಕ್ಷಣ ಹಿಡಿದು ಹುಡುಕುವ ಬಗೆ

ಮಳೆಗಾಲ ಶುರುವಾಗಿ ಎರಡು ತಿಂಗಳಾದರೆ ಸಾಕು, ನನಗೆ ಬರುವ ಫೋನುಗಳೆಲ್ಲ ಒಂದೇ ಥರ. "ಅಣ್ಣಾ, ಜಂತಿನ ಔಷಧಿ ಹಾಕಿ ಹದಿನೈದು ದಿನ ಆಗಿಲ್ಲ, ಕುರಿ ಮತ್ತೆ ಬೀಳ್ತಾ ಅವೆ." ಯಾವ ಔಷಧಿ ಅಂತ ಕೇಳಿದರೆ "ಅದೇ, ಬಿಳೀದು" ಅಂತಾರೆ. ಯಾಕೆ ಹಾಕಿದಿರಿ ಅಂದರೆ "ಹೊಟ್ಟೇಲಿ ಹುಳ ಐತೆ ಅಂತ."

ಹೊಟ್ಟೆ ಅಂದರೆ ಯಾವ ಹೊಟ್ಟೆ? ಕುರಿಗೆ ನಾಲ್ಕು ಹೊಟ್ಟೆ. ಅದರ ಮುಂದೆ ಸುಮಾರು 25 ಮೀಟರ್ ಉದ್ದದ ಸಣ್ಣ ಕರುಳು, ಆಮೇಲೆ ಕುರುಡುಕರುಳು, ದೊಡ್ಡ ಕರುಳು, ಪಕ್ಕದಲ್ಲಿ ಈಲಿ (ಯಕೃತ್ತು). ಒಂದೊಂದು ಜಾಗಕ್ಕೂ ಒಂದೊಂದು ಜಾತಿಯ ಹುಳು. ಒಂದರ ಜಾಗದಲ್ಲಿ ಇನ್ನೊಂದು ಸಾಮಾನ್ಯವಾಗಿ ಬದುಕುವುದಿಲ್ಲ. ನಾಲ್ಕನೇ ಹೊಟ್ಟೆಯ ಹುಳು ರಕ್ತ ಕುಡಿಯುತ್ತದೆ, ಸಣ್ಣ ಕರುಳಿನದು ಭೇದಿ ಮಾಡಿಸುತ್ತದೆ, ದೊಡ್ಡ ಕರುಳಿನದು ಗಂಟು ಕಟ್ಟಿಸುತ್ತದೆ, ಈಲಿಯದು ನಿಧಾನಕ್ಕೆ ಒಣಗಿಸುತ್ತದೆ. ಹಾಗಾಗಿ ಕುರಿಯ ಮೈಮೇಲೆ ಕಾಣುವ ಲಕ್ಷಣವೇ ಹುಳುವಿನ ವಿಳಾಸ. ವಿಳಾಸ ಗೊತ್ತಾಗದೆ ಔಷಧಿ ಹೊಯ್ಯುವುದು ಊರ ಹೆಸರಿಲ್ಲದ ಕಾಗದವನ್ನು ಅಂಚೆಗೆ ಹಾಕಿದಂತೆ.

ಹುಳುವಿಗೆ ತನ್ನ ಜಾಗ ಗೊತ್ತಾಗುವುದು ಹೇಗೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹುಲ್ಲಿನ ಮೇಲಿರುವ ದುಂಡುಹುಳುವಿನ ಮರಿ ತನ್ನ ಹಳೆಯ ಚರ್ಮವನ್ನೇ ಕವಚದಂತೆ ಹೊದ್ದುಕೊಂಡಿರುತ್ತದೆ. ಆ ಕವಚ ಇರುವ ತನಕ ಅದು ಏನನ್ನೂ ತಿನ್ನಲಾರದು, ಬೆಳೆಯಲಾರದು. ಕುರಿ ಮೇಯುವಾಗ ಹುಲ್ಲಿನ ಜೊತೆ ಒಳಗೆ ಹೋದ ಮೇಲೆ, ಸರಿಯಾದ ಸೂಚನೆ ಸಿಕ್ಕರೆ ಮಾತ್ರ ಕವಚ ಬಿಚ್ಚುತ್ತದೆ. ನಾಲ್ಕನೇ ಹೊಟ್ಟೆಯಲ್ಲಿ ಬದುಕುವ ಹುಳು ಮೊದಲ ಹೊಟ್ಟೆಯ ಬಿಸಿಗೆ, ಅಲ್ಲಿ ತುಂಬಿರುವ ಇಂಗಾಲದ ಡೈಆಕ್ಸೈಡಿಗೆ ಬಿಚ್ಚುತ್ತದೆ. ಸಣ್ಣ ಕರುಳಿನ ಹುಳು ಅಲ್ಲಿ ಮಿಸುಕುವುದಿಲ್ಲ. ನಾಲ್ಕನೇ ಹೊಟ್ಟೆಯ ಹುಳಿ ಆಮ್ಲ ತಾಗಿದ ಮೇಲೇ ಅದರ ಕವಚ ಕಳಚುವುದು. ಬಸ್ಸಿನಲ್ಲಿ ತನ್ನ ಊರಿಗೆ ಒಂದು ಸ್ಟಾಪ್ ಮುಂಚೆಯೇ ಎದ್ದು ಬಾಗಿಲ ಬಳಿ ಬಂದು ನಿಲ್ಲುವ ಪ್ರಯಾಣಿಕನ ಹಾಗೆ. ಲಾಡಿಹುಳು, ಈಲಿಹುಳುಗಳ ಮರಿಗೆ ಪಿತ್ತರಸವೇ ಸೂಚನೆ.

ಮೊದಲು ಕಾಸು ಖರ್ಚಿಲ್ಲದೆ ನೋಡುವುದು

ಬೆಳಿಗ್ಗೆ ಮಂದೆ ಬಿಡುವ ಮುಂಚೆ ರೊಪ್ಪದ ಬಾಗಿಲಲ್ಲಿ ನಿಂತು ಐದು ಜಾಗ ನೋಡಿ: ಕಣ್ಣಿನ ಕೆಳರೆಪ್ಪೆಯ ಒಳಭಾಗ, ದವಡೆಯ ಕೆಳಗೆ, ಬೆನ್ನುಮೂಳೆ, ಬಾಲದ ಸುತ್ತ, ನೆಲದ ಮೇಲಿನ ಹಿಕ್ಕೆ. ಒಂದು ಕುರಿಗೆ ಅರ್ಧ ನಿಮಿಷ ಸಾಕು. ಬೆನ್ನನ್ನು ಕಣ್ಣಲ್ಲಿ ನೋಡಬೇಡಿ, ಕೈಯಲ್ಲಿ ಒತ್ತಿ ನೋಡಿ. ಉಣ್ಣೆ ಸುಳ್ಳು ಹೇಳುತ್ತದೆ.

ಮಂದೆಯೆಲ್ಲ ಒಂದೇ ರಾತ್ರಿಯಲ್ಲಿ ಮಂಕಾಗಿದ್ದರೆ, ಜ್ವರ ಇದ್ದರೆ, ಮೂಗು ಬಾಯಲ್ಲಿ ಸಿಂಬಳ ಹುಣ್ಣು ಇದ್ದರೆ ಅದು ಹುಳುವಿನ ಕೆಲಸವಲ್ಲ. ಹಿರೇಬೇನೆ (ಪಿ.ಪಿ.ಆರ್.), ನೀಲಿ ನಾಲಿಗೆ, ಕಾಲುಬಾಯಿ ಬೇನೆ ಹಾಗೆ ಬರುತ್ತವೆ. ಹುಳುವಿಗೆ ಜ್ವರ ಬರಿಸುವ ಚಾಳಿ ಇಲ್ಲ. ಅದು ಮಂದೆಯಲ್ಲಿ ಕೆಲವನ್ನೇ ಹಿಡಿಯುತ್ತದೆ: ಈ ವರ್ಷದ ಮರಿಗಳು, ಈಯ್ದ ಹೊಸತರಲ್ಲಿ ಹಾಲೂಡುತ್ತಿರುವ ತಾಯಿಕುರಿಗಳು, ಮುದಿ ಕುರಿಗಳು. ಮಂದೆಯ ಹುಳುಗಳಲ್ಲಿ ಹೆಚ್ಚಿನ ಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಲಕ್ಷಣ: ಕಣ್ಣು ಬಿಳಿಚಿದೆ, ಹಿಕ್ಕೆ ಮಾತ್ರ ಸರಿಯಾಗಿದೆ

ಕುರಿ ಮಂದೆಯ ಹಿಂದೆ ಬೀಳುತ್ತದೆ. ಹತ್ತು ಹೆಜ್ಜೆ ನಡೆದು ನಿಲ್ಲುತ್ತದೆ, ಓಡಿಸಿದರೆ ಮಲಗುತ್ತದೆ. ಭೇದಿ ಇಲ್ಲ, ಹಿಕ್ಕೆ ಗುಂಡಗೆ, ಕೆಲವೊಮ್ಮೆ ಎಂದಿಗಿಂತ ಗಟ್ಟಿಯಾಗಿಯೇ ಇರುತ್ತದೆ. ಮೈಕೈ ತುಂಬಿಕೊಂಡಿದ್ದ ಕುರಿಯೂ ಹೀಗೆ ಬೀಳಬಹುದು. ನಮ್ಮವರು ಮೋಸ ಹೋಗುವುದು ಇಲ್ಲೇ. "ಭೇದಿ ಇಲ್ಲವಲ್ಲ, ಹುಳ ಎಲ್ಲಿಂದ ಬಂತು" ಅಂತ ಕೂರುತ್ತಾರೆ.

ಇದು ನಾಲ್ಕನೇ ಹೊಟ್ಟೆಯ ಹುಳು, ಹೆಸರು ಹಿಮಾಂಕಸ್. ಕರ್ನಾಟಕದ ಬಯಲುಸೀಮೆಯ ಬೆಚ್ಚನೆಯ ಮಳೆಗಾಲಕ್ಕೆ ಹೇಳಿ ಮಾಡಿಸಿದ ಪ್ರಾಣಿ. ಎರಡರಿಂದ ಮೂರು ಸೆಂಟಿಮೀಟರ್ ಉದ್ದ. ಹೆಣ್ಣು ಹುಳುವಿನ ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿ ಅಂಡಾಶಯ ಸುತ್ತಿಕೊಂಡಿರುವುದರಿಂದ ಕೆಂಪು ಬಿಳಿ ಎಳೆ ಹೊಸೆದ ದಾರದ ಹಾಗೆ ಕಾಣುತ್ತದೆ. ಬಾಯಲ್ಲಿ ಸಣ್ಣ ಈಟಿಯಂಥ ಹಲ್ಲು. ಅದರಿಂದ ಹೊಟ್ಟೆಯ ಗೋಡೆ ಗೀರಿ ರಕ್ತ ಹೀರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೋಗುತ್ತದೆ. ಸಾವಿರ ಹುಳು ಇದ್ದರೆ 50 ಮಿಲಿ. 25 ಕಿಲೋ ಕುರಿಯ ಮೈಯಲ್ಲಿರುವ ರಕ್ತವೇ ಒಂದೂವರೆ ಲೀಟರ್ ಆಸುಪಾಸು. ಒಂದು ತಿಂಗಳಲ್ಲಿ ಇಡೀ ಮೈರಕ್ತದಷ್ಟು ಸೋರಿಹೋಯಿತು. ಜಾಗ ಕರುಳಲ್ಲ, ಹೊಟ್ಟೆ. ಸೋರಿದ ರಕ್ತ ಮುಂದೆ ಕರುಳಲ್ಲಿ ಜೀರ್ಣವಾಗಿಬಿಡುವುದರಿಂದ ಹಿಕ್ಕೆಯಲ್ಲಿ ಕೆಂಪು ಕಾಣುವುದಿಲ್ಲ, ಕರುಳಿಗೆ ಗಾಯವಿಲ್ಲದ್ದರಿಂದ ಭೇದಿಯೂ ಇಲ್ಲ.

ಇದಕ್ಕೆ ಕಣ್ಣೇ ಪರೀಕ್ಷೆ. ದಕ್ಷಿಣ ಆಫ್ರಿಕಾದಲ್ಲಿ ಫಾಫಾ ಮಲಾನ್ ಎಂಬ ಪಶುವೈದ್ಯರ ಹೆಸರಿನಿಂದಲೇ ಬಂದ 'ಫಮಾಚಾ' ಎಂಬ ಬಣ್ಣದ ಪಟ್ಟಿ ಇದೆ. ಕಡುಗೆಂಪು 1, ಬಿಳಿ 5. ಪಟ್ಟಿ ಕೈಗೆ ಸಿಗದಿದ್ದರೂ ಕ್ರಮ ಇಷ್ಟೇ: ಬಿಸಿಲ ಬೆಳಕಿನಲ್ಲಿ ಮೇಲ್ರೆಪ್ಪೆಯನ್ನು ಕಣ್ಣಗುಡ್ಡೆಯ ಮೇಲೆ ಮೆತ್ತಗೆ ಒತ್ತಿ, ಕೆಳರೆಪ್ಪೆ ಎಳೆದು, ಒಳಗಿನ ಅತಿ ಕೆಂಪಾದ ಜಾಗ ನೋಡಿ. ತುಂಬಾ ಹೊತ್ತು ಎಳೆದು ಹಿಡಿಯಬೇಡಿ, ಬಣ್ಣ ಬದಲಾಗುತ್ತದೆ. ಕೆಂಪು, ಕೆಂಪುಗುಲಾಬಿ ಆದರೆ ಬಿಟ್ಟುಬಿಡಿ. ತಿಳಿಗುಲಾಬಿ ಇದ್ದು ಮರಿಯೋ ಗಬ್ಬದ ಕುರಿಯೋ ಆಗಿದ್ದರೆ ಔಷಧಿ ಹಾಕಿ. ಬಿಳಿಚಿದ್ದರೆ ಅವತ್ತೇ ಹಾಕಿ. ಕಾಗದದಂತೆ ಬೆಳ್ಳಗಾಗಿದ್ದರೆ ಔಷಧಿ ಹಾಕಿ ಅಟ್ಟಿಕೊಂಡು ಹೋಗಬೇಡಿ, ಆ ಓಟದಲ್ಲೇ ಬಿದ್ದು ಸಾಯುತ್ತದೆ. ನೆರಳಲ್ಲಿ ಕಟ್ಟಿ, ನೀರು ಮೇವು ಅಲ್ಲಿಗೇ ಕೊಡಿ, ವೈದ್ಯರನ್ನು ಕರೆಸಿ.

ಬಿಳಿಚಿದ್ದಕ್ಕೆಲ್ಲ ಹಿಮಾಂಕಸ್ ಕಾರಣವಲ್ಲ ಅನ್ನುವುದೂ ಗೊತ್ತಿರಲಿ. ರಕ್ತ ಹೀರುವ ಉಣುಗು ಹತ್ತಿರಬಹುದು, ಮೊದಲು ಕಿವಿಯ ಒಳಗೆ, ತೊಡೆಸಂದಿಯಲ್ಲಿ ನೋಡಿ. ಈಲಿಹುಳುವೂ ರಕ್ತ ತೆಗೆಯುತ್ತದೆ. ಬರಗಾಲದಲ್ಲಿ ಬರೀ ಒಣಹುಲ್ಲು ತಿಂದರೂ ಕಣ್ಣು ಬಿಳಿಚುತ್ತದೆ.

ಲಕ್ಷಣ: ದವಡೆಯ ಕೆಳಗೆ ಚೀಲ ಬಂದಿದೆ (ಗದ್ದಬಾವು)

ಸಂಜೆ ಮೇದು ಬಂದಾಗ ಗದ್ದದ ಕೆಳಗೆ ಮೆತ್ತನೆಯ ಚೀಲ, ಬೆಳಿಗ್ಗೆ ಅರ್ಧ ಇಳಿದಿರುತ್ತದೆ. ತಲೆ ಬಗ್ಗಿಸಿ ಮೇಯುವಾಗ ನೀರು ಕೆಳಕ್ಕೆ ಇಳಿಯುವುದೇ ಅದಕ್ಕೆ ಕಾರಣ. ಬೆರಳಿಂದ ಒತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ಪ್ರೋಟೀನು ಕಡಿಮೆಯಾಗಿ, ನೀರನ್ನು ರಕ್ತನಾಳದ ಒಳಗೆ ಹಿಡಿದಿಡುವ ಶಕ್ತಿ ಹೋಗಿದೆ ಎಂದು ಇದರ ಅರ್ಥ. ಸೂಜಿ ಚುಚ್ಚಿ ನೀರು ತೆಗೆಯಬೇಡಿ, ಕಾದ ಕಬ್ಬಿಣದ ಬರೆಯನ್ನಂತೂ ಹಾಕಲೇಬೇಡಿ. ಚೀಲದಲ್ಲಿ ರೋಗವಿಲ್ಲ.

ಇಲ್ಲಿ ಎರಡು ವಿಳಾಸ ಸಾಧ್ಯ. ಯಾವುದು ಅಂತ ಹೇಳುವುದು ಕುರಿಗಿಂತ ಹೆಚ್ಚಾಗಿ ಮೇದ ಜಾಗ ಮತ್ತು ತಿಂಗಳು.

ಮಳೆಗಾಲದಲ್ಲಿ, ಗೋಮಾಳದಲ್ಲಿ ಮೇದ ಕುರಿಗೆ ಹಠಾತ್ತನೆ ಬಂದರೆ ಹೆಚ್ಚಾಗಿ ಮೇಲೆ ಹೇಳಿದ ನಾಲ್ಕನೇ ಹೊಟ್ಟೆಯ ಹುಳುವೇ. ಆದರೆ ಮಳೆ ನಿಂತ ಮೇಲೆ ಎಲ್ಲೆಲ್ಲೂ ಹುಲ್ಲು ಒಣಗಿ, ಕೆರೆ ಅಂಗಳದಲ್ಲಿ ಮಾತ್ರ ಹಸಿರು ಉಳಿದಿರುತ್ತದಲ್ಲ, ಅಲ್ಲಿಗೆ ಮಂದೆ ಇಳಿಸಿ ಮೂರು ನಾಲ್ಕು ತಿಂಗಳಾದ ಮೇಲೆ ಬಂದರೆ ಈಲಿಹುಳು. ಕಾಲುವೆ ಸೀಮೆಯ ಗದ್ದೆಗಳಿಗೆ ಮಂದೆ ಹೊಡೆದುಕೊಂಡು ಹೋಗುವವರಿಗೂ ಇದೇ ಮಾತು.

ಈಲಿಹುಳುವಿನ ದಾರಿ ಬಲು ಸುತ್ತಿನದು. ಸಗಣಿಯಲ್ಲಿ ಬಿದ್ದ ಮೊಟ್ಟೆ ನೀರಲ್ಲಿ ಒಡೆದು, ಮರಿ ಬಸವನಹುಳುವಿನ ಒಳಗೆ ಹೊಕ್ಕು, ಅಲ್ಲಿ ಸಂಖ್ಯೆ ಹೆಚ್ಚಿಸಿಕೊಂಡು ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ಗುಳಿಗೆಯಂತೆ ಕೂರುತ್ತದೆ. ಕುರಿ ತಿಂದ ಮೇಲೆ ಸಣ್ಣ ಕರುಳಿನ ಆರಂಭದಲ್ಲಿ ಗುಳಿಗೆ ಬಿಚ್ಚುತ್ತದೆ. ಪಿತ್ತನಾಳದ ಬಾಯಿ ಅಲ್ಲೇ ಪಕ್ಕದಲ್ಲಿದ್ದರೂ ಅದರೊಳಗೆ ನೆಟ್ಟಗೆ ಹೋಗುವುದಿಲ್ಲ. ಕರುಳ ಗೋಡೆ ಕೊರೆದು, ಹೊಟ್ಟೆಯ ಪೊಳ್ಳಿಗೆ ಬಂದು, ಹೊರಗಿನಿಂದ ಈಲಿಯನ್ನು ತೂತು ಮಾಡಿ, ಅದನ್ನು ತಿನ್ನುತ್ತಾ ವಾರಗಟ್ಟಲೆ ಸುರಂಗ ಕೊರೆದು ಕೊನೆಗೆ ಪಿತ್ತನಾಳ ಸೇರುತ್ತದೆ. ಮುಂಬಾಗಿಲು ತೆರೆದಿದ್ದರೂ ಕನ್ನ ಹಾಕಿಯೇ ಒಳಗೆ ಬರುವ ಕಳ್ಳ. ನಮ್ಮಲ್ಲಿ ಹೆಚ್ಚಾಗಿರುವುದು ಫ್ಯಾಸಿಯೋಲಾ ಜೈಗಾಂಟಿಕಾ ಎಂಬ ದೊಡ್ಡ ಜಾತಿ, ಎಲೆಯಂತೆ ಚಪ್ಪಟೆ, ಏಳು ಸೆಂಟಿಮೀಟರಿನ ತನಕ ಬೆಳೆಯುತ್ತದೆ.

ಈ ಸುತ್ತುದಾರಿಯಿಂದ ನಮಗೆ ಎರಡು ತೊಂದರೆ. ಸುರಂಗ ಕೊರೆಯುವ ದಿನಗಳಲ್ಲಿ ಹುಳು ಇನ್ನೂ ಮೊಟ್ಟೆ ಇಡುತ್ತಿರುವುದಿಲ್ಲ, ಹಿಕ್ಕೆ ಪರೀಕ್ಷೆಯಲ್ಲಿ ಏನೂ ಕಾಣದು. ಆದರೆ ಕುರಿ ಈಲಿ ಒಡೆದು ಹಠಾತ್ತನೆ ಸಾಯಬಹುದು. ಇನ್ನೊಂದು, ನಾವು ಹಾಕುವ ಬಿಳಿ ಔಷಧಿ (ಆಲ್ಬೆಂಡಜೋಲ್) ಪಿತ್ತನಾಳದಲ್ಲಿ ಕೂತ ದೊಡ್ಡ ಹುಳುವಿಗೆ ಮಾತ್ರ ತಾಗುತ್ತದೆ, ಅದೂ ಪ್ರಮಾಣ ಸರಿಯಿದ್ದರೆ. ಸುರಂಗದಲ್ಲಿರುವ ಎಳೆಯದಕ್ಕೆ ಏನೂ ಆಗುವುದಿಲ್ಲ. ಎಳೆಯದಕ್ಕೆ ಟ್ರೈಕ್ಲಾಬೆಂಡಜೋಲ್, ಬೆಳೆದದ್ದಕ್ಕೆ ಆಕ್ಸಿಕ್ಲೋಜನೈಡ್ ಕೂಡ ಕೇಳುತ್ತದೆ. ಐವರ್‌ಮೆಕ್ಟಿನ್ ಸೂಜಿ ಈಲಿಹುಳುವಿಗೆ ಉಪಯೋಗವೇ ಇಲ್ಲ. "ಎಲ್ಲಾ ಹುಳಕ್ಕೂ ಒಂದೇ ಸೂಜಿ" ಅಂತ ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ.

ಬಾವು ಬರೀ ಗದ್ದದಲ್ಲಿಲ್ಲದೆ ತುಟಿ, ಮೂತಿ, ಕಿವಿಗೂ ಹರಡಿ, ಜ್ವರ ಇದ್ದು ಕಾಲು ಕುಂಟುತ್ತಿದ್ದರೆ ಅದು ನೀಲಿ ನಾಲಿಗೆ. ಅಲ್ಲಿಗೆ ಹುಳುವಿನ ಹುಡುಕಾಟ ನಿಲ್ಲಿಸಿ.

ಲಕ್ಷಣ: ಭೇದಿ, ಬಾಲ ತೊಡೆಯೆಲ್ಲ ಮೆತ್ತಿಕೊಂಡಿದೆ

ಮೊದಲು ಹಳೆಯ ಪ್ರಶ್ನೆ: ನಿನ್ನೆ ಮೊನ್ನೆ ಮೇವು ಬದಲಾಯಿತೇ? ಮೊದಲ ಮಳೆಯ ಎಳೆಹುಲ್ಲಿಗೆ ಎಲ್ಲ ಕುರಿಯೂ ಎರಡು ದಿನ ಉಚ್ಚುತ್ತದೆ, ತಾನೇ ನಿಲ್ಲುತ್ತದೆ. ಜೋಳ, ರಾಗಿ ತೆನೆ ನುಗ್ಗಿ ತಿಂದಿದ್ದರೆ ಅದು ಬೇರೆ ಕಥೆ, ಹೊಟ್ಟೆ ಹುಳಿಯಾಗಿರುತ್ತದೆ, ತಡಮಾಡದೆ ವೈದ್ಯರ ಬಳಿ ಹೋಗಿ. ಚೆನ್ನಾಗಿದ್ದ ಕೊಬ್ಬಿದ ಮರಿ ಒದ್ದಾಡಿ ಗಂಟೆಗಳಲ್ಲಿ ಸತ್ತರೆ ಕರುಳುಬೇನೆಯ ಅನುಮಾನ. ಅದಕ್ಕೆ ಲಸಿಕೆ ಇದೆ, ಜಂತಿನ ಔಷಧಿ ಅಲ್ಲ.

ಇವು ಯಾವುದೂ ಅಲ್ಲ, ವಾರವಾದರೂ ನಿಂತಿಲ್ಲ ಅಂದರೆ ಬಣ್ಣ ನೋಡಿ.

ಕಪ್ಪುಹಸಿರು, ತೆಳ್ಳಗೆ, ಕುರಿ ಮೇವು ಬಿಟ್ಟಿದೆ, ಕಣ್ಣು ಅಷ್ಟೇನೂ ಬಿಳಿಚಿಲ್ಲ: ಸಣ್ಣ ಕರುಳಿನ ಮೊದಲ ಭಾಗ. ಅಲ್ಲಿರುವುದು ಟ್ರೈಕೋಸ್ಟ್ರಾಂಗೈಲಸ್ ಎಂಬ ಕೂದಲೆಳೆಯಂಥ ಹುಳು, ಏಳು ಮಿಲಿಮೀಟರ್ ದಾಟುವುದಿಲ್ಲ. ಕುರಿ ಕೊಯ್ದಾಗ ಬರಿಗಣ್ಣಿಗೆ ಸಿಗದೆ ತಪ್ಪಿಸಿಕೊಳ್ಳುವುದು ಇದೇ. ತಿಂದ ಮೇವಿನ ಸಾರ ಮೈಗೆ ಹತ್ತುವ ಜಾಗವನ್ನೇ ಇದು ಕೆಡಿಸುತ್ತದೆ. ಕರುಳ ಒಳಮೈಯ ಸಣ್ಣ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗಿ, ಸಾರವೂ ನೀರೂ ಒಳಗೆ ಎಳೆದುಕೊಳ್ಳದೆ ಹೊರಗೆ ಹೋಗುತ್ತವೆ. ಈ ವರ್ಷದ ಮರಿಗಳಿಗೆ ಹೆಚ್ಚು.

ನೀರಿನಂತೆ, ತಡೆಯಲಾಗದ ನಾತ, ಕುರಿ ನೀರು ಕುಡಿದೇ ಕುಡಿಯುತ್ತದೆ, ಕೆರೆ ಹಳ್ಳದ ಬದಿ ಮೇಯಿಸಿದ್ದೀರಿ: ಇದು ಎಳೆಯ ಆಂಫಿಸ್ಟೋಮ್. ವಿಚಿತ್ರ ಹುಳು ಇದು. ಬೆಳೆದ ಮೇಲೆ ಇದರ ಮನೆ ಮೊದಲ ಹೊಟ್ಟೆ. ಅಲ್ಲಿ ಸಣ್ಣ ದಾಳಿಂಬೆ ಕಾಳಿನಂತೆ ಗುಲಾಬಿ ಬಣ್ಣದಲ್ಲಿ ನೂರಾರು ಅಂಟಿಕೊಂಡಿದ್ದರೂ ಕುರಿಗೆ ದೊಡ್ಡ ತೊಂದರೆಯಿಲ್ಲ. ಬೋಟಿ ತೊಳೆಯುವವರೆಲ್ಲ ಅದನ್ನು ನೋಡಿಯೇ ಇರುತ್ತಾರೆ. ಆದರೆ ಮರಿಯಾಗಿದ್ದಾಗ ಮೊದಲ ಹೊಟ್ಟೆಯನ್ನು ದಾಟಿ ಸಣ್ಣ ಕರುಳಿನ ಆರಂಭಕ್ಕೆ ಹೋಗಿ, ಗೋಡೆ ಕಚ್ಚಿ ಕೆಲವು ವಾರ ಬೆಳೆದು, ಆಮೇಲೆ ಹಿಂದಕ್ಕೆ ಮೇಲೇರಿ ಮೊದಲ ಹೊಟ್ಟೆಗೆ ಬರುತ್ತದೆ. ಸಾಯಿಸುವುದು ಆ ಕೆಲವು ವಾರಗಳೇ. ಇಲ್ಲೂ ಹಿಕ್ಕೆಯಲ್ಲಿ ಮೊಟ್ಟೆ ಇರುವುದಿಲ್ಲ. ಬದಲಿಗೆ ಭೇದಿಯ ನೀರನ್ನೇ ಅಗಲವಾದ ತಟ್ಟೆಯಲ್ಲಿ ತೊಳೆದು ನೋಡಿದರೆ ಅಕ್ಕಿನುಚ್ಚಿನಂಥ ಗುಲಾಬಿ ಮರಿಗಳು ಕೆಲವೊಮ್ಮೆ ಸಿಗುತ್ತವೆ. ಆಲ್ಬೆಂಡಜೋಲ್, ಐವರ್‌ಮೆಕ್ಟಿನ್, ಟ್ರೈಕ್ಲಾಬೆಂಡಜೋಲ್ ಮೂರೂ ಇದಕ್ಕೆ ನಾಟುವುದಿಲ್ಲ. ಆಕ್ಸಿಕ್ಲೋಜನೈಡ್ ಬೇಕು, ಪ್ರಮಾಣವನ್ನು ವೈದ್ಯರೇ ಹೇಳಲಿ.

ಲೋಳೆ, ನಡುವೆ ರಕ್ತದ ಎಳೆ, ಕುರಿ ಬೆನ್ನು ಗೂನು ಮಾಡಿ ನಿಲ್ಲುತ್ತದೆ: ದೊಡ್ಡ ಕರುಳು. ಮುಂದೆ ಹೇಳುವ ಗಂಟುಹುಳು ಇರಬಹುದು. ಕುರುಡುಕರುಳಿನಲ್ಲಿ ಚಾಟಿಹುಳುವೂ ಇರುತ್ತದೆ, ತೆಳ್ಳನೆಯ ಮುಂಭಾಗವನ್ನು ದಾರ ಹೊಲಿದಂತೆ ಗೋಡೆಯೊಳಗೆ ತೂರಿಸಿ ದಪ್ಪ ಹಿಂಭಾಗವನ್ನು ಹೊರಗೆ ಇಟ್ಟುಕೊಂಡು. ಕುರಿಯಲ್ಲಿ ಅದರಿಂದ ಸಾವು ಅಪರೂಪ. ಆದರೆ ಒಂದರಿಂದ ನಾಲ್ಕು ತಿಂಗಳ ಮರಿಗೆ, ರೊಪ್ಪ ತೇವವಾಗಿ ಮರಿಗಳು ಒತ್ತಾಗಿದ್ದಾಗ ರಕ್ತಭೇದಿ ಬಂದರೆ ಹುಳುವೇ ಅಲ್ಲದಿರಬಹುದು. ಕಾಕ್ಸಿಡಿಯಾ ಎಂಬ ಏಕಕೋಶ ಜೀವಿ ಅದು, ಜಂತಿನ ಯಾವ ಔಷಧಿಗೂ ಜಗ್ಗುವುದಿಲ್ಲ.

ಲಕ್ಷಣ: ಹಿಕ್ಕೆಯ ಮೇಲೆ ಅನ್ನದ ಅಗುಳಿನಂಥದ್ದು

ಲಾಡಿಹುಳು, ಮೊನೀಜಿಯಾ. ಸಣ್ಣ ಕರುಳಿನಲ್ಲಿ ಮೀಟರುಗಟ್ಟಲೆ ಉದ್ದ ಬೆಳೆದು ತುಂಡು ತುಂಡಾಗಿ ಉದುರುತ್ತದೆ. ಕಣ್ಣಿಗೆ ಕಾಣುವ ಹುಳು ಇದೊಂದೇ ಆದ್ದರಿಂದ ಎಲ್ಲರೂ ಇದಕ್ಕೇ ಹೆದರುವುದು. ನಿಜ ಹೇಳಬೇಕೆಂದರೆ ಈ ಪಟ್ಟಿಯಲ್ಲಿ ಅತಿ ಸಾಧು ಇದೇ, ಗೋಡೆಗೆ ಗಾಯ ಮಾಡುವುದಿಲ್ಲ, ಬಂದ ಸಾರದಲ್ಲಿ ಪಾಲು ತೆಗೆದುಕೊಳ್ಳುತ್ತದೆ ಅಷ್ಟೆ. ಮರಿ ಸೊರಗಿದ್ದು ಲಾಡಿಹುಳುವೂ ಕಂಡರೆ, ಸೊರಗಿಸಿದ್ದು ಕಾಣದ ಇನ್ನೊಂದು ಹುಳು ಎಂದೇ ಮೊದಲು ಅನುಮಾನಿಸಿ, ಕಣ್ಣು ನೋಡಿ.

ಲಕ್ಷಣ: ಚೆನ್ನಾಗಿ ತಿನ್ನುತ್ತದೆ, ಆದರೂ ಮೈ ಹತ್ತುವುದಿಲ್ಲ

ಮೊದಲು ಬಾಯಿ ತೆಗೆದು ಹಲ್ಲು ನೋಡಿ. ಹಲ್ಲು ಸವೆದ ಮುದಿ ಕುರಿಗೆ ಔಷಧಿ ಹಾಕಿ ಫಲವಿಲ್ಲ. ಹಲ್ಲು ಸರಿಯಿದ್ದು ಬೇಸಿಗೆಯಿಡೀ ಬಡಕಲಾಗುತ್ತಾ ಬಂದರೆ ಗಂಟುಹುಳುವಿನ (ಈಸೋಫಾಗೋಸ್ಟೋಮಮ್) ಹಳೆಯ ಗಾಯವಿರಬಹುದು. ಅದರ ಮರಿ ಕರುಳ ಗೋಡೆಯ ಒಳಗೆ ಹೊಕ್ಕು ಕೂರುತ್ತದೆ. ಕುರಿಯ ಮೈ ಅದನ್ನು ಸುತ್ತುವರಿದು ಗಂಟು ಕಟ್ಟುತ್ತದೆ, ಒಳಗೆ ಹಳದಿ ಹಸಿರು ಕೀವು, ಹಳತಾದರೆ ಸುಣ್ಣದ ಕಲ್ಲು. ಮರಿಗಂಟು ಸಣ್ಣ ಕರುಳು, ದೊಡ್ಡ ಕರುಳು ಎರಡರಲ್ಲೂ ಇರುತ್ತದೆ. ಬೆಳೆದ ಹುಳು ಮಾತ್ರ ದೊಡ್ಡ ಕರುಳಿನಲ್ಲಿ. ಕುರಿ ಕೊಯ್ಯುವವರಿಗೆ ಈ ಗಂಟು ಚೆನ್ನಾಗಿ ಗೊತ್ತು. ನಿಮ್ಮ ಮಂದೆಯ ಕುರಿ ಕೊಂಡುಹೋದ ಮಟನ್ ಅಂಗಡಿಯವರನ್ನೇ ಕೇಳಿ: "ಕರುಳಲ್ಲಿ ಗಂಟಿತ್ತಾ? ಈಲಿ ಒರಟಾಗಿತ್ತಾ?" ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ, ನಮ್ಮಲ್ಲಿ ಯಾರೂ ಮಾಡಿಸುವುದೂ ಇಲ್ಲ. ಔಷಧಿ ಹುಳುವನ್ನು ಕೊಲ್ಲುತ್ತದೆ, ಕಟ್ಟಿದ ಗಂಟನ್ನು ಕರಗಿಸುವುದಿಲ್ಲ. ಅಂಥ ಕುರಿಯನ್ನು ಸಾಕುವುದಕ್ಕಿಂತ ಮಂದೆಯಿಂದ ತೆಗೆಯುವುದು ಲೇಸು.

ಲಕ್ಷಣ: ಔಷಧಿ ಹಾಕಿದರೂ ಹಾಗೇ ಇದೆ

ಅಂಗಡಿಯವರನ್ನು ಬೈಯುವ ಮುಂಚೆ ನಮ್ಮ ಕೈ ನೋಡಿಕೊಳ್ಳೋಣ.

ತೂಕ ಹಾಕಿದಿರಾ? ಅಂದಾಜಿನಲ್ಲಿ ಹಾಕಿದರೆ ಹೆಚ್ಚಿನ ಸಲ ಕಡಿಮೆಯೇ ಬೀಳುತ್ತದೆ. ನನ್ನದೇ ಕಥೆ ಹೇಳುತ್ತೇನೆ. 25 ಕಿಲೋ ಎಂದುಕೊಂಡು ವರ್ಷಗಟ್ಟಲೆ ಔಷಧಿ ಹೊಯ್ದ ಟಗರನ್ನು ಒಂದು ದಿನ ತಕ್ಕಡಿಗೆ ನೇತುಹಾಕಿದರೆ 38 ತೂಗಿತು. ಬಾಟಲಿಯ ಸಾಂದ್ರತೆ ಓದಿದಿರಾ? ಆಲ್ಬೆಂಡಜೋಲ್ 2.5 ಶೇಕಡಾ ಅಂದರೆ ಒಂದು ಮಿಲಿಯಲ್ಲಿ 25 ಮಿಲಿಗ್ರಾಂ. ಕಿಲೋಗೆ 7.5 ಮಿಲಿಗ್ರಾಂ ಲೆಕ್ಕದಲ್ಲಿ 30 ಕಿಲೋ ಕುರಿಗೆ 9 ಮಿಲಿ. ಅದೇ ಹೆಸರಿನ 10 ಶೇಕಡಾದ ಬಾಟಲಿ ಇದಕ್ಕಿಂತ ನಾಲ್ಕು ಪಟ್ಟು ಗಟ್ಟಿ. ಒಂದರ ಅಳತೆಯಲ್ಲಿ ಇನ್ನೊಂದನ್ನು ಹಾಕಿದರೆ ಒಂದು ಕಡೆ ನಷ್ಟ, ಇನ್ನೊಂದು ಕಡೆ ಅಪಾಯ. ಮೇಕೆಯ ಮೈ ಔಷಧಿಯನ್ನು ಬೇಗ ಹೊರಹಾಕುತ್ತದೆ, ಕುರಿಯ ಅಳತೆ ಅದಕ್ಕೆ ಸಾಲದು. ಮೇಕೆಯ ಪ್ರಮಾಣ ಬೇರೆಯಾಗಿಯೇ ಕೇಳಿ.

ಎಲ್ಲಿಗೆ ಹೊಯ್ದಿರಿ? ಗೊಟ್ಟವನ್ನು ಬಾಯಿಯ ಪಕ್ಕದಿಂದ ತೂರಿಸಿ ನಾಲಿಗೆಯ ಹಿಂಬದಿಗೆ ಬಿಡಬೇಕು. ತುದಿನಾಲಿಗೆಗೆ ಸುರಿದರೆ ಔಷಧಿ ಮೊದಲ ಹೊಟ್ಟೆಯನ್ನು ಬಿಟ್ಟು ನೇರ ಮುಂದಕ್ಕೆ ಜಾರಿ ಬೇಗ ಹೊರಹೋಗಬಹುದು. ಮೊದಲ ಹೊಟ್ಟೆಯಲ್ಲಿ ನಿಂತು ನಿಧಾನಕ್ಕೆ ಇಳಿದರೇ ಅದರ ಕೆಲಸ. ತಲೆ ಆಕಾಶಕ್ಕೆ ಎತ್ತಬೇಡಿ, ಶ್ವಾಸಕೋಶಕ್ಕೆ ಹೋದರೆ ಕುರಿ ಕೈಬಿಟ್ಟ ಹಾಗೆ.

ವಿಳಾಸ ಸರಿಯಿತ್ತೇ? ಔಷಧಿಯೂ ಹುಳುವನ್ನು ಅದು ಕೂತ ಜಾಗದ ಮೂಲಕವೇ ಮುಟ್ಟುತ್ತದೆ. ಕ್ಲೋಸಾಂಟೆಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ರಕ್ತ ಕುಡಿಯುವ ಹಿಮಾಂಕಸ್, ಈಲಿಹುಳುಗಳಿಗೆ ವಿಷ. ಪಕ್ಕದಲ್ಲೇ ಸಣ್ಣ ಕರುಳಿನಲ್ಲಿ ಕೂತ, ರಕ್ತ ಕುಡಿಯದ ಟ್ರೈಕೋಸ್ಟ್ರಾಂಗೈಲಸ್ ಆರಾಮಾಗಿರುತ್ತದೆ. ಎಚ್ಚರ: ಕ್ಲೋಸಾಂಟೆಲ್ ಅಳತೆ ಮೀರಿದರೆ ಕುರಿ ಕುರುಡಾಗುತ್ತದೆ, ಆ ಕಣ್ಣು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಲೆವಮಿಸೋಲ್ ಕೂಡ ಸ್ವಲ್ಪ ಹೆಚ್ಚಾದರೆ ಜೊಲ್ಲು, ನಡುಕ. ಟಗರು ಬಿಟ್ಟ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಹಾಕಬೇಡಿ, ಮರಿಗೆ ತೊಂದರೆಯಾಗುತ್ತದೆ.

ಮತ್ತೆ ಅದೇ ಹುಲ್ಲಿಗೆ ಬಿಟ್ಟಿರಾ? ಬೆಚ್ಚನೆಯ ಮಳೆಗಾಲದಲ್ಲಿ ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಒಂದು ವಾರದಲ್ಲಿ ಸೋಂಕು ಮಾಡುವ ಮರಿಯಾಗುತ್ತದೆ, ಕುರಿಯ ಒಳಗೆ ಹೋದ ಮೂರು ವಾರಕ್ಕೆ ತಾನೂ ಮೊಟ್ಟೆ ಇಡುತ್ತದೆ. ಮರಿಗಳು ಹೆಚ್ಚಾಗಿ ಹುಲ್ಲಿನ ಬುಡದ ಐದು ಸೆಂಟಿಮೀಟರಿನೊಳಗೆ, ಇಬ್ಬನಿಯ ತೇವದಲ್ಲಿ ಇರುತ್ತವೆ. ಮಂಜು ಆರಿದ ಮೇಲೆ ಬಿಡಿ, ಬೋಳಾದ ನೆಲದಲ್ಲಿ ಮೇಯಿಸಬೇಡಿ ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಇಷ್ಟೂ ಸರಿಯಿದ್ದರೆ ಆಮೇಲೆ ಔಷಧಿಗೆ ಹುಳು ಬಗ್ಗದಂತಾಗಿದೆ ಎಂಬ ಅನುಮಾನ. ಬಿಳಿ ಔಷಧಿಯನ್ನೇ ವರ್ಷಗಟ್ಟಲೆ ಹಾಕಿದ ಮಂದೆಗಳಲ್ಲಿ ಹಿಮಾಂಕಸ್ ಹೀಗಾಗಿರುವುದು ನಮ್ಮ ದೇಶದಲ್ಲೂ ಹೊಸದಲ್ಲ. ಪರೀಕ್ಷೆ ಕಷ್ಟದ್ದೇನಲ್ಲ: ಔಷಧಿ ಹಾಕುವ ದಿನ ಹತ್ತು ಕುರಿಯ ಹಿಕ್ಕೆ, ಅವೇ ಕುರಿಗಳದ್ದು 10ರಿಂದ 14 ದಿನದ ಮೇಲೆ ಮತ್ತೊಮ್ಮೆ. ಮೊಟ್ಟೆ ಎಣಿಕೆ ಶೇಕಡಾ 95ರಷ್ಟು ಇಳಿಯದಿದ್ದರೆ ಆ ಔಷಧಿಯನ್ನು ಬದಲಾಯಿಸಬೇಕು. ಇದೇ ಕಾರಣಕ್ಕೆ ಇಡೀ ಮಂದೆಗೆ ತಿಂಗಳು ತಿಂಗಳು ಹೊಯ್ಯಬೇಡಿ ಅನ್ನುವುದು. ಹುಳು ಹೊತ್ತಿರುವುದು ಕೆಲವೇ ಕುರಿ ಅಂದೆನಲ್ಲ, ಕಣ್ಣು ನೋಡಿ ಅವಕ್ಕೆ ಹಾಕಿ. ಉಳಿದವುಗಳಲ್ಲಿ ಔಷಧಿ ನೋಡದ ಹುಳುಗಳು ಇದ್ದರೆ, ಔಷಧಿಗೆ ಬಗ್ಗದವುಗಳ ಸಂತತಿ ಅಷ್ಟು ಬೇಗ ಮೇಲುಗೈ ಆಗುವುದಿಲ್ಲ.

ಹಿಕ್ಕೆ ಪರೀಕ್ಷೆ ಮಾಡಿಸುವಾಗ

ನೆಲದಿಂದ ಆರಿಸಬೇಡಿ. ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು ನೇರ ಗುದದಿಂದ ಒಂದೈದಾರು ಹಿಕ್ಕೆ ತೆಗೆದು, ಚೀಲದ ಗಾಳಿ ಒತ್ತಿ ತೆಗೆದು ಗಂಟು ಹಾಕಿ, ತಂಪಾಗಿ ಅವತ್ತೇ ತಾಲ್ಲೂಕು ಪಶು ಆಸ್ಪತ್ರೆಗೆ ಮುಟ್ಟಿಸಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ಮೊಟ್ಟೆ ಒಡೆದು ಮರಿಯಾಗಿ ಎಣಿಕೆ ಸುಳ್ಳಾಗುತ್ತದೆ. ದುಂಡುಹುಳು, ಲಾಡಿಹುಳುಗಳ ಮೊಟ್ಟೆ ಉಪ್ಪುನೀರಲ್ಲಿ ತೇಲುತ್ತದೆ. ಈಲಿಹುಳು, ಆಂಫಿಸ್ಟೋಮ್ ಮೊಟ್ಟೆ ಭಾರ, ತಳಕ್ಕೆ ಕೂರುತ್ತದೆ. ಕೆರೆ ಅಂಗಳದಲ್ಲಿ ಮೇಯಿಸಿದ್ದರೆ "ಡಾಕ್ಟ್ರೇ, ತಳಗಟ್ಟಿಸಿಯೂ ನೋಡಿ" ಅಂತ ಹೇಳಲೇಬೇಕು. ಇಲ್ಲದಿದ್ದರೆ "ಏನೂ ಇಲ್ಲ" ಅನ್ನುವ ಚೀಟಿ ಹಿಡಿದು ಮನೆಗೆ ಬರುತ್ತೀರಿ.

ಲಕ್ಷಣ: ಒಂದೇ ಕಡೆಗೆ ಗಿರಗಿರ ತಿರುಗುತ್ತದೆ

ಇದು ಕರುಳಿನ ಹುಳುವೇ, ಆದರೆ ಕುರಿಯ ಕರುಳಿನದ್ದಲ್ಲ, ನಾಯಿಯದು. ಟೀನಿಯಾ ಮಲ್ಟಿಸೆಪ್ಸ್ ಎಂಬ ಲಾಡಿಹುಳು ದೊಡ್ಡದಾಗುವುದು ನಾಯಿಯ ಸಣ್ಣ ಕರುಳಿನಲ್ಲಿ. ಅದರ ಮರಿಗೆ ಕುರಿಯಲ್ಲಿ ಗೊತ್ತಾದ ಜಾಗ ಮೆದುಳು. ಅಲ್ಲಿ ನೀರಿನ ಗುಳ್ಳೆಯಾಗಿ ಬೆಳೆಯುತ್ತಾ ಒತ್ತುತ್ತದೆ. ಕುರಿ ತಲೆ ಓರೆ ಮಾಡಿ ತಿರುಗುತ್ತದೆ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ. ಜಂತಿನ ಔಷಧಿಯನ್ನು ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ. ಗುಳ್ಳೆ ಸಿಗುವ ಜಾಗದಲ್ಲಿದ್ದರೆ ಶಸ್ತ್ರಚಿಕಿತ್ಸೆ ಆಗುತ್ತದೆ. ಸತ್ತ ಕುರಿಯ ತಲೆಯನ್ನು ಮಂದೆಯ ನಾಯಿಗೆ ಎಸೆಯುವುದು ಇಂದೇ ನಿಲ್ಲಲಿ. ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಹಾಕಿಸಿ. ನಾಯಿಯ ಇನ್ನೊಂದು ಸಣ್ಣ ಲಾಡಿಹುಳು ಮನುಷ್ಯರ ಈಲಿಯಲ್ಲೇ ಗುಳ್ಳೆ ಕಟ್ಟುತ್ತದೆ, ಹಾಗಾಗಿ ನಾಯಿ ಮುಟ್ಟಿದ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ.

ಸತ್ತ ಕುರಿಯನ್ನು ಕೊಯ್ದು ನೋಡುವುದಾದರೆ

ಮೊದಲು ಕೊಯ್ಯಬಾರದ್ದು. ಏನೂ ಲಕ್ಷಣವಿಲ್ಲದೆ ಹಠಾತ್ತನೆ ಸತ್ತು, ಮೂಗು ಬಾಯಿ ಗುದದಿಂದ ಹೆಪ್ಪುಗಟ್ಟದ ಕಪ್ಪುರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಮನುಷ್ಯರಿಗೂ ಅಂಟುತ್ತದೆ. ಚಾಕು ತಾಗಿಸಬೇಡಿ, ಚರ್ಮ ಸುಲಿಯಬೇಡಿ, ನಾಯಿ ಹತ್ತಿರ ಬಿಡಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಹಾಗಿಲ್ಲದಿದ್ದರೆ ವೈದ್ಯರು ಕೊಯ್ಯುವಾಗ ಪಕ್ಕದಲ್ಲಿ ನಿಂತು ನೋಡಿ, ಹತ್ತು ಪುಸ್ತಕಕ್ಕಿಂತ ಹೆಚ್ಚು ಕಲಿಯುತ್ತೀರಿ. ಸತ್ತು ಕೆಲವೇ ಗಂಟೆಗಳೊಳಗೆ ನೋಡಬೇಕು, ತಡವಾದರೆ ಹುಳುಗಳು ಗೋಡೆ ಬಿಟ್ಟು ಜಾರಿ ಜಾಗ ಬದಲಾಯಿಸುತ್ತವೆ, ಸಣ್ಣವು ಕರಗಿಯೇ ಹೋಗುತ್ತವೆ. ನಾಲ್ಕನೇ ಹೊಟ್ಟೆಯ ಎರಡೂ ತುದಿ ಕಟ್ಟಿ ಬೇರೆ ಮಾಡಿ ಸೀಳಿದರೆ, ಕಂದು ನೀರಿನಲ್ಲಿ ಮಿಸುಕುವ ಕೆಂಪು ದಾರಗಳು ಹಿಮಾಂಕಸ್. ಸಣ್ಣ ಕರುಳಿನ ಮೊದಲ ಎರಡು ಮೂರು ಮೀಟರ್ ಒಳಮೈಯನ್ನು ಗಾಜಿನ ತುಂಡಿನಿಂದ ಕೆರೆದು ಕಪ್ಪು ತಟ್ಟೆಯಲ್ಲಿ ನೀರು ಹಾಕಿ ನೋಡಿದರೆ ಕೂದಲುಹುಳು. ಈಲಿಯನ್ನು ಕೊಯ್ದು ಒತ್ತಿದರೆ ಪಿತ್ತನಾಳದಿಂದ ಎಲೆಹುಳು ಹೊರಗೆ ಬರುತ್ತದೆ.

ಇಲ್ಲಿಗೆ ನಿಲ್ಲಿಸಿ, ವೈದ್ಯರನ್ನು ಕರೆಯಿರಿ

ಕುರಿ ಎದ್ದು ನಿಲ್ಲಲಾರದೆ ಹೋದರೆ. ಕಣ್ಣು ಕಾಗದದಂತೆ ಬೆಳ್ಳಗಾಗಿದ್ದರೆ. ಒಂದೇ ದಿನ ಎರಡಕ್ಕಿಂತ ಹೆಚ್ಚು ಸತ್ತರೆ. ಜ್ವರ, ಹುಣ್ಣು, ಕುಂಟು ಇದ್ದರೆ. ಸರಿಯಾದ ತೂಕಕ್ಕೆ ಸರಿಯಾದ ಔಷಧಿ ಹಾಕಿ ಒಂದು ವಾರವಾದರೂ ಕಣ್ಣಿನ ಬಣ್ಣ ಏರದಿದ್ದರೆ. ರಾಜ್ಯದ ಪಶು ಸಂಜೀವಿನಿ ಆಂಬುಲೆನ್ಸಿಗೆ 1962 ಸಂಖ್ಯೆ. ಕರೆ ಮಾಡುವಾಗ ಇವು ಕೈಯಲ್ಲಿರಲಿ: ಎಷ್ಟು ಕುರಿ, ಎಷ್ಟು ವಯಸ್ಸು, ಕಳೆದ ಮೂರು ತಿಂಗಳು ಎಲ್ಲೆಲ್ಲಿ ಮೇದವು, ಕೊನೆಯ ಔಷಧಿಯ ಖಾಲಿ ಬಾಟಲಿ. ಬಾಟಲಿ ಎಸೆದಿದ್ದರೆ ಅದರ ಹೆಸರಾದರೂ. "ಬಿಳೀದು" ಅಂದರೆ ಅವರಿಗೂ ಗೊತ್ತಾಗುವುದಿಲ್ಲ.